ಯಂತ್ರ ನಿಲ್ಲಿಸಿದ ಹೊತ್ತು

ಬೆಳಿಗ್ಗೆ ಎದ್ದವಳು ಮುಖ ತೊಳೆಯುವುದಕ್ಕೂ ಮುಂಚೆ ಗೋಡೆಗೆ ಕಿವಿಗೊಟ್ಟಳು. ಕಿವಿಗೊಡುವುದೆಂದರೆ ಹೋಗಿ ಗೋಡೆಗೆ ಕಿವಿ ಆನಿಸುವುದಲ್ಲ, ಅಷ್ಟು ಮಾನಗೆಟ್ಟವಳಲ್ಲ ಅವಳು. ಒಲೆಯ ಮೇಲೆ ಹಾಲಿಟ್ಟು, ಲೋಟ ತೊಳೆಯುವ ನೆಪ ಮಾಡಿಕೊಂಡು, ಬೆನ್ನನ್ನು ಮಾತ್ರ ಆ ಕಡೆಗೆ ಕೊಟ್ಟು ನಿಲ್ಲುವುದು. ಮನೆಯಲ್ಲಿರುವವಳು ಅವಳೊಬ್ಬಳೇ; ಈ ನೆಪವೆಲ್ಲ ಯಾರಿಗಾಗಿ ಎಂದರೆ ಅವಳಿಗೂ ಗೊತ್ತಿಲ್ಲ. ಗೋಡೆಯ ಆ ಕಡೆ ದರ್ಜಿ ಇದ್ದ. ವಯಸ್ಸಾಯಿತೆಂದು ಅಂಗಡಿ ಮುಚ್ಚಿ, ಹೊಲಿಗೆ ಯಂತ್ರವನ್ನು ಮನೆಗೇ ತಂದಿಟ್ಟುಕೊಂಡು, ಕಟ್ಟಡದವರ ಹರಿದದ್ದು ಹೊಲಿಗೆ ಬಿಟ್ಟದ್ದನ್ನೆಲ್ಲ ಸರಿಮಾಡಿಕೊಡುತ್ತಿದ್ದ. ಅವನ ಯಂತ್ರವೂ ಇವಳ ಒಲೆಯೂ ಒಂದೇ ಗೋಡೆಯ ಎರಡು ಮಗ್ಗುಲಲ್ಲಿದ್ದವು. ಒಲೆಯ ಮುಂದೆ ಇವಳು ಯೋಚನೆಗೆ ಬಿದ್ದಳೆಂದರೆ ಹಾಲು ಉಕ್ಕಿಯೇ ಉಕ್ಕುತ್ತಿತ್ತು. ಸೀದ ವಾಸನೆ ಕಿಟಕಿಯಿಂದ ಕಿಟಕಿಗೆ ಹಾದು ಇವಳಿಗಿಂತ ಮೊದಲು ಅವನ ಮೂಗಿಗೆ ಬಡಿಯುತ್ತಿತ್ತು. ಅವನು ಯಂತ್ರ ನಿಲ್ಲಿಸಿ, ಬಟ್ಟೆ ಅಳೆಯುವ ಮರದ ಪಟ್ಟಿಯಿಂದ ಗೋಡೆಗೆ ಟಕ್ ಟಕ್ ಎಂದು ತಟ್ಟುತ್ತಿದ್ದ. ತಾಯೀ, ನಿನ್ನ ಹಾಲು ನೋಡಿಕೋ ಎಂದು ಅದರ ಅರ್ಥ. ಇವಳು ಒಲೆ ಆರಿಸಿ ಚಮಚದ ಹಿಡಿಯಿಂದ ಒಮ್ಮೆ ತಟ್ಟುತ್ತಿದ್ದಳು. ಆಯಿತು ಮಾರಾಯ, ನೋಡಿಕೊಂಡೆ. ವರ್ಷಗಟ್ಟಲೆ ಅವರಿಬ್ಬರ ನಡುವೆ ಇದ್ದ ಮಾತುಕತೆ ಇಷ್ಟೇ. ಮೆಟ್ಟಿಲ ಮೇಲೆ ಎದುರುಬದುರಾದರೆ ಗೋಣು ಆಡಿಸಿ, ಏನೋ ಗುಟ್ಟು ಇರುವವರ ಹಾಗೆ ಸಂಕೋಚಪಟ್ಟು ಪಕ್ಕಕ್ಕೆ ಸರಿಯುತ್ತಿದ್ದರು.

ಹೋದ ತಿಂಗಳು ನೆಲ ನಡುಗಿದಂದಿನಿಂದ ಗೋಡೆಗೆ ಬಾಯಿಲ್ಲ. ಅವತ್ತು ಸಂಜೆ ಕಚೇರಿಯಿಂದ ಬಂದವಳು ತಲೆನೋವೆಂದು ಮಲಗಿದ್ದಳು. ಮೊದಲು ಪಾತ್ರೆಗಳು ತಮ್ಮತಮ್ಮಲ್ಲೇ ಮಾತಾಡಿದ ಹಾಗೆ ಸದ್ದಾಯಿತು, ಆಮೇಲೆ ಮಂಚ ಯಾರೋ ಕಾಲಿಂದ ತಳ್ಳಿದ ಹಾಗೆ ಜರುಗಿತು. ಗೊತ್ತಾಯಿತು ಅವಳಿಗೆ, ಗೊತ್ತಾಗದೆ ಏನು, ಭೂಕಂಪ ಪ್ರವಾಹಗಳ ವರದಿ ಬರೆಯುವುದೇ ಅವಳ ಹೊಟ್ಟೆಪಾಡು. ಎದ್ದು ನಿಂತಾಗ ಗೋಡೆಯಿಂದ ತಟ್ಟುವ ಸದ್ದು ಬಂತು. ಎಂದಿನ ಎರಡು ಪೆಟ್ಟಲ್ಲ. ಟಕ್ ಟಕ್ ಟಕ್ ಟಕ್ ಎಂದು ಎಡೆಬಿಡದೆ, ಗೋಡೆ ಒಡೆದು ಬರುವವನ ಹಾಗೆ. ಮುದುಕ ಕರೆಯುತ್ತಿದ್ದಾನೆ, ಏನೋ ಮೇಲೆ ಬಿದ್ದಿದೆ, ಅಥವಾ ಬಾಗಿಲು ತೆರೆಯಲಾಗುತ್ತಿಲ್ಲ. ಇದೆಲ್ಲ ಅವಳ ತಲೆಯಲ್ಲಿ ಚೊಕ್ಕವಾಗಿ, ವರದಿಯಲ್ಲಿ ಬರೆದ ಹಾಗೆ ಹೊಳೆಯಿತು. ಹೊಳೆದದ್ದು ಹೊಳೆಯುತ್ತಲೇ ಇರುವಾಗ ಅವಳ ಕಾಲುಗಳು ಎದ್ದೆನೋ ಬಿದ್ದೆನೋ ಎಂದು ಹೊರಟೇಬಿಟ್ಟಿದ್ದವು. ಅವನ ಬಾಗಿಲನ್ನು ದಾಟಿದಳು. ಒಂದು ತೋಳು ಚಾಚಿದ್ದರೆ ತಗಲುವಷ್ಟು ಹತ್ತಿರದಲ್ಲಿ ದಾಟಿದಳು. ಕೆಳಗೆ ಅಂಗಳದಲ್ಲಿ ನಿಂತಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಾವಲುಗಾರನ ಹೆಂಡತಿ ಅದನ್ನು ನೋಡಿ, ನೋಡ್ರಪ್ಪಾ, ವಿಕೋಪದ ಆಫೀಸಿನವರೇ ಎಲ್ಲರಿಗಿಂತ ಮೊದಲು ಇಳಿದುಬಿಟ್ಟರು ಎಂದು ಕೊಂಕಿಲ್ಲದೆ, ನಿಜವಾದ ಮೆಚ್ಚುಗೆಯಿಂದ ಹೇಳಿದಳು. ಕಟ್ಟಡಕ್ಕೆ ಏನೂ ಆಗಿರಲಿಲ್ಲ. ನೀರಿನ ತೊಟ್ಟಿ ಬಿರುಕು ಬಿಟ್ಟಿತ್ತು, ಅಷ್ಟೆ. ಎಲ್ಲರೂ ಇಳಿದು, ನಕ್ಕು, ಇನ್ನೇನು ಹತ್ತಿ ಹೋಗೋಣ ಎನ್ನುವಾಗ ದರ್ಜಿ ಇಳಿದು ಬಂದ. ತಲೆಯ ಮೇಲೆ ಸುಣ್ಣದ ಪುಡಿ ಬಿದ್ದಿತ್ತು. ಜನರ ನಡುವೆ ಇವಳನ್ನು ಕಂಡು, ಒಂದು ಗಳಿಗೆ ದಿಟ್ಟಿಸಿ, ಮುಖ ಆ ಕಡೆ ತಿರುಗಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಆ ನೋಟ ಇನ್ನೂ ಅವಳ ಮೈಮೇಲೆಯೇ ಇತ್ತು. ಅವತ್ತಿನಿಂದ ಅವಳು ಹಾಲನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು, ಒಂದು ಸಲವೂ ಉಕ್ಕಗೊಟ್ಟಿರಲಿಲ್ಲ. ಉಕ್ಕಿ, ಆ ಕಡೆಯಿಂದ ತಟ್ಟದೇ ಹೋದರೆ? ಅದನ್ನು ತಿಳಿದುಕೊಂಡು ಬದುಕುವುದು ಅವಳಿಂದಾಗದು. ಇವತ್ತೂ ಕೆನೆ ನಡುವೆ ಗುಬುಕ್ಕೆಂದು ಮೇಲೇಳುವಷ್ಟರಲ್ಲಿ ಒಲೆ ಆರಿಸಿ, ಕುಡಿಯದೆ, ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟಳು.

ಕಚೇರಿಯಲ್ಲಿ ಅವಳ ಅಡ್ಡಹೆಸರು ತಕ್ಕಡಿ. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವಳೂ ಬೇಜಾರಿಲ್ಲದೆ ಓಗೊಡುತ್ತಿದ್ದಳು. ಎಲ್ಲಿ ಭೂಮಿ ನಡುಗಲಿ, ಎಲ್ಲಿ ನದಿ ಮೇಲೇರಲಿ, ಅಲ್ಲಿಯ ಸರ್ಕಾರ ಏನು ಮಾಡಿತು, ಯಾವಾಗ ಮಾಡಿತು, ಏನು ಮಾಡಲಿಲ್ಲ ಎಂದು ತೂಗಿ ಅಂಕ ಕೊಡುವುದು ಅವಳ ಕೆಲಸ. ವರ್ಷಗಳಿಂದ ತೂಗಿ ತೂಗಿ ಅವಳಿಗೆ ಸರ್ಕಾರಗಳೆಲ್ಲ ನೆಂಟರ ಹಾಗೆ ಕಾಣತೊಡಗಿದ್ದವು. ಅಮ್ಮ ಸತ್ತಾಗ ಮೊದಲು ಓಡಿ ಬಂದವನು ಚಿಕ್ಕಪ್ಪ. ಬಂದವನೇ ಕುರ್ಚಿ ಎಳೆಸಿ, ಫೋನು ಮಾಡಿಸಿ, ಮನೆಯನ್ನೆಲ್ಲ ತನ್ನ ಕೈಗೆ ತೆಗೆದುಕೊಂಡು, ನಿನಗೇನು ಬೇಕಮ್ಮಾ ಎಂದು ಮಾತ್ರ ಕೇಳಲಿಲ್ಲ. ಅಂಥ ಸರ್ಕಾರವೊಂದಿತ್ತು, ಸೈನ್ಯ, ಯಂತ್ರ, ಡೇರೆ ಎಲ್ಲ ಬೆಳಗಾಗುವುದರೊಳಗೆ ಹಾಜರು, ಯಾರ ಮನೆ ಎಲ್ಲಿತ್ತೆಂದು ಕೇಳುವ ಪುರುಸೊತ್ತಿಲ್ಲದೆ ಎಲ್ಲವನ್ನೂ ಗುಡಿಸಿ ಒಂದೇ ಗುಡ್ಡೆ ಮಾಡಿಬಿಟ್ಟಿತು. ದೊಡ್ಡಮ್ಮ ಬಾಗಿಲಿಂದಲೇ ಅಳುತ್ತ ಬಂದಳು. ಕೊನೆಗೆ ಅವಳನ್ನು ಸಮಾಧಾನ ಮಾಡುವ ಕೆಲಸವೂ ಇವಳ ಪಾಲಿಗೇ ಬಿತ್ತು. ಅಂಥ ಸರ್ಕಾರವೂ ಇತ್ತು. ಅದರ ಮುಖ್ಯಸ್ಥರು ಕೆಸರಿನಲ್ಲಿ ನಿಂತು ಕಣ್ಣೊರೆಸಿಕೊಂಡ ಚಿತ್ರ ಊರೂರಿಗೆ ಹೋಯಿತು, ಕಂಬಳಿ ಹೋಗಲಿಲ್ಲ. ಹೊರಗಿನವರ ನೆರವು ತೆಗೆದುಕೊಂಡರೆ ಮರ್ಯಾದೆ ಹೋಗುತ್ತದೆಂದು ಬಾಗಿಲು ಹಾಕಿಕೊಂಡು ಕೂತ ಸರ್ಕಾರವೂ ಇತ್ತು. ಅದು ಥೇಟು ಅವಳ ಅಣ್ಣ. ಇನ್ನು ಅತ್ತೆ, ಅಪ್ಪನ ತಂಗಿ, ಎಲ್ಲರೂ ಬಂದು ಹೋದ ಮೇಲೆ ತಡವಾಗಿ ಬಂದು, ಏನೂ ಮಾತಾಡದೆ ಪಕ್ಕದಲ್ಲಿ ಕೂತಳು. ಬಹಳ ಹೊತ್ತಾದ ಮೇಲೆ, ತಿಂದ್ಯಾ, ಎಂದಳು. ಆಗ ಬಂತು ಅಳು.

ಅತ್ತೆಯಂಥ ಸರ್ಕಾರ ಒಂದೇ ಒಂದು ಸಿಕ್ಕಿತ್ತು ಅವಳಿಗೆ, ಇಷ್ಟು ವರ್ಷದಲ್ಲಿ. ಬಡ ದೇಶ, ತಡವಾಗಿ ಬಂತು, ಯಂತ್ರಗಳೂ ಹಳೆಯವು. ಆದರೆ ಅಲ್ಲೊಂದು ಪದ್ಧತಿ ಇತ್ತು. ಅವಶೇಷ ಎತ್ತುತ್ತ ಎತ್ತುತ್ತ ಒಬ್ಬ ಕೈ ಮೇಲೆತ್ತಿದನೆಂದರೆ ಯಂತ್ರಗಳೆಲ್ಲ ನಿಲ್ಲಬೇಕು. ಲಾರಿ ನಿಲ್ಲಬೇಕು, ಮಾತು ನಿಲ್ಲಬೇಕು, ನೋಡಲು ಬಂದ ಮಂತ್ರಿಯೂ ಬಾಯಿ ಮುಚ್ಚಬೇಕು. ಒಬ್ಬನೇ ಒಬ್ಬ ಬಗ್ಗಿ, ಯಾರಾದರೂ ಇದ್ದೀರಾ ಎಂದು ಕೂಗಿ, ಕಿವಿಗೊಡುತ್ತಿದ್ದ. ಬೇರೆ ಕಡೆಯೂ ಹೀಗೆ ಮಾಡುತ್ತಾರೆ. ಇವರು ಮಾತ್ರ ಎಲ್ಲರೂ ಬೈಯುವಷ್ಟು ಸಲ ಮಾಡಿದರು. ಅಡಿಯಲ್ಲಿ ಸಿಕ್ಕಿಕೊಂಡು ಬದುಕಿ ಬಂದ ಹೆಂಗಸೊಬ್ಬಳ ಹೇಳಿಕೆ ಅವಳ ಬಳಿ ಇತ್ತು. ಯಂತ್ರದ ಸದ್ದು ಇರುವವರೆಗೂ ನನಗೆ ಧೈರ್ಯ ಇತ್ತು, ಸದ್ದು ನಿಂತಾಗ ಎದೆ ಒಡೆದುಹೋಯಿತು, ಬಿಟ್ಟು ಹೋದರು ಅಂದುಕೊಂಡೆ, ಆಮೇಲೆ ಗೊತ್ತಾಯಿತು ನನಗಾಗಿಯೇ ನಿಲ್ಲಿಸಿದ್ದಾರೆ ಅಂತ. ಬಿಟ್ಟು ಹೋದದ್ದಕ್ಕೂ ಕಿವಿಗೊಟ್ಟದ್ದಕ್ಕೂ ಅಡಿಯಲ್ಲಿ ಇರುವವರಿಗೆ ಒಂದೇ ಸದ್ದು. ಈ ಮಾತನ್ನು ಓದಿದ ದಿನ ಅವಳು ಮಧ್ಯಾಹ್ನದ ಊಟ ಬಿಟ್ಟಿದ್ದಳು. ಅದಾದ ಮೇಲೆ ಸರ್ಕಾರಗಳನ್ನು ಹೋಲಿಸುವ ತನ್ನ ವರದಿಯಲ್ಲಿ ವೇಗ, ಹಣ, ಔಷಧ, ವಸತಿ ಎಂಬ ಸಾಲುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: ಯಂತ್ರ ನಿಲ್ಲಿಸಿದ ಹೊತ್ತು. ಅದಕ್ಕೆ ಅಂಕವನ್ನೂ ಕೊಟ್ಟಿದ್ದಳು. ಆ ಅಂಕದಿಂದಾಗಿ ಬಡ ಸರ್ಕಾರ ಮೇಲೆ ಹೋಗಿ, ಅವಳ ದೇಶದ ಸ್ವಂತ ಸರ್ಕಾರ ಒಂದು ಮೆಟ್ಟಿಲು ಕೆಳಗಿಳಿದಿತ್ತು.

ಇವತ್ತಿನ ಸಭೆ ಅದಕ್ಕಾಗಿಯೇ. ಉದ್ದದ ಮೇಜು, ಒರಟಾಗಿ ಗೊರಗುಟ್ಟುವ ತಂಪುಯಂತ್ರ, ಯಾರೂ ಮುಟ್ಟದ ಬಿಸ್ಕತ್ತು. ನಿರ್ದೇಶಕರು ಒಳ್ಳೆಯವರೇ, ಬೈಯುವವರಲ್ಲ. ಬೈಯದೆಯೇ ಮನುಷ್ಯನನ್ನು ಸಣ್ಣದು ಮಾಡುವ ಕಲೆ ಅವರಿಗೆ ಒಲಿದಿತ್ತು. ಹಾಳೆ ತಿರುವುತ್ತ, ಎಲ್ಲ ಚೆನ್ನಾಗಿದೆ, ಈ ಕೊನೇ ಸಾಲು ಏನು ಎಂದರು. ಕೆಲಸ ನಿಲ್ಲಿಸಿದ್ದಕ್ಕೆ ಅಂಕ ಕೊಡುವುದಾದರೆ ನಮ್ಮ ಕಚೇರಿಯಲ್ಲಿ ಅರ್ಧ ಜನಕ್ಕೆ ಬಡ್ತಿ ಕೊಡಬೇಕಾಗುತ್ತದೆ ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಹೇಳಲು ಹೊರಟಳು. ಸ್ಪಂದನೆ ಸ್ಪಂದನೆ ಎಂದು ನಾವು ದಿನಕ್ಕೆ ನೂರು ಸಲ ಬರೆಯುತ್ತೇವೆ, ಸರ್ಕಾರ ತಕ್ಷಣ ಸ್ಪಂದಿಸಿದೆ ಎನ್ನುತ್ತೇವೆ, ಆ ಮಾತಿಗೆ ಮೂಲದಲ್ಲಿ ಮಿಡಿತ ಎಂದಲ್ಲವೇ ಅರ್ಥ, ಮಿಡಿತ ಸಿಗಬೇಕಾದರೆ ಮುಟ್ಟಿ ಸುಮ್ಮನೆ ಕಾಯಬೇಕಲ್ಲವೇ... ಎನ್ನುವಷ್ಟರಲ್ಲಿ ತನ್ನ ದನಿಯೇ ತನಗೆ ಭಾಷಣದಂತೆ ಕೇಳಿಸಿ ನಾಚಿಕೆಯಾಯಿತು. ಹೊಸದಾಗಿ ಬಂದ ಅಧಿಕಾರಿಣಿ, ಚುರುಕಾದ ಹುಡುಗಿ, ಅವಳಿಗೆ ನೆರವಾಗಲೆಂದೇ ಬಾಯಿ ಹಾಕಿದಳು. ಮೇಡಂ ಎಷ್ಟು ಚುರುಕು ಅಂದರೆ ಸರ್, ಹೋದ ತಿಂಗಳು ಅವರ ಬಿಲ್ಡಿಂಗಿನಲ್ಲಿ ಎಲ್ಲರಿಗಿಂತ ಮೊದಲು ಇಳಿದವರು ಅವರೇ ಅಂತೆ, ಚಪ್ಪಲಿ ಕೂಡ ಹಾಕದೆ. ವೇಗ ಅಂದರೆ ಅದು, ಎಂದು ನಿರ್ದೇಶಕರು ಮೇಜು ತಟ್ಟಿದರು. ಮರದ ಮೇಲೆ ಬೆರಳಿನ ಗೆಣ್ಣುಗಳು, ಟಕ್ ಟಕ್.

ಅವಳಿಗೆ ಆಗ ಏನಾಯಿತೋ. ಎದ್ದು ಹೋಗಿ ತಂಪುಯಂತ್ರದ ಗುಂಡಿ ಒತ್ತಿದಳು. ಫ್ಯಾನನ್ನೂ ನಿಲ್ಲಿಸಿದಳು. ಒಂದು ನಿಮಿಷ ಯಾರೂ ಮಾತಾಡಬೇಡಿ, ಹೇಗಿರುತ್ತದೆ ಅಂತ ನೀವೇ ನೋಡಿ, ಎಂದಳು. ಸಭೆಗೆ ಸಭೆಯೇ ತುಟಿ ಪಿಟಕ್ಕೆನ್ನದೆ ಕೂತಿತು, ಅಷ್ಟು ಗಾಬರಿಯಾಗಿತ್ತು ಅವರಿಗೆ. ಕಾಗದವೊಂದು ತನ್ನಷ್ಟಕ್ಕೆ ಮಡಚಿಕೊಂಡ ಸದ್ದು ಕೇಳಿಸಿತು. ಹೊರಗೆ ಯಾರೋ ಬಕೆಟ್ಟು ಎಳೆದರು. ಆ ನಿಶ್ಶಬ್ದದಲ್ಲಿ ಅವಳಿಗೆ ಮತ್ತೆ ಗೋಡೆ ಕೇಳಿಸಿತು, ಸುಣ್ಣ ಉದುರುವ ಹಾಗೆ ತಟ್ಟುತ್ತಿದ್ದ ಗೋಡೆ. ಯಾರಾದರೂ ಇದ್ದೀರಾ ಎಂದು ಅದು ಕೇಳುತ್ತಿತ್ತು. ಇದ್ದೇನೆ ಎನ್ನಲು ಒಂದು ಚಮಚ ಸಾಕಿತ್ತು. ಒಮ್ಮೆ ತಟ್ಟಿ ಓಡಿದ್ದರೂ ಆಗುತ್ತಿತ್ತಲ್ಲ, ಪಾಪಿ, ಎಂದು ತನ್ನನ್ನು ತಾನೇ ಬೈದುಕೊಳ್ಳುವಷ್ಟರಲ್ಲಿ, ಬೆಳಿಗ್ಗೆಯಿಂದ ಖಾಲಿ ಇದ್ದ ಅವಳ ಹೊಟ್ಟೆ ಉದ್ದಕ್ಕೆ, ರಾಗವಾಗಿ, ಕೋಣೆಗೆಲ್ಲ ಕೇಳುವ ಹಾಗೆ ಗುರುಗುಟ್ಟಿತು. ಮೂಲೆಯಲ್ಲಿದ್ದ ಲೆಕ್ಕಾಧಿಕಾರಿ ಗಂಭೀರವಾಗಿ, ಸರ್, ಒಳಗೆ ಯಾರೋ ಜೀವಂತ ಇದ್ದಾರೆ, ಎಂದ. ನಗು ಕಟ್ಟೆಯೊಡೆಯಿತು. ನಿರ್ದೇಶಕರು ಕಣ್ಣಲ್ಲಿ ನೀರು ತಂದುಕೊಂಡು ನಕ್ಕರು, ಬಿಸ್ಕತ್ತಿನ ತಟ್ಟೆಯನ್ನು ತಾವೇ ಅವಳ ಕಡೆ ತಳ್ಳಿದರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಅವಳು ಒಂದು ಬಿಸ್ಕತ್ತು ತೆಗೆದುಕೊಂಡು ತಿಂದಳು. ಅದು ಗಂಟಲಲ್ಲಿ ಇಳಿಯುವಷ್ಟರಲ್ಲಿ ಕೊನೇ ಸಾಲು ಹೋಗಿತ್ತು, ಸ್ವಂತ ಸರ್ಕಾರ ತನ್ನ ಮೆಟ್ಟಿಲಿಗೆ ವಾಪಸು ಹತ್ತಿತ್ತು.

ಮನೆಗೆ ನಡೆದೇ ಹೊರಟಳು. ಬೀದಿಯಲ್ಲಿ ಎಲ್ಲರೂ ಯಾರಿಗಾದರೂ ಏನಾದರೂ ಹೇಳುತ್ತ ಹೋಗುತ್ತಿದ್ದರು, ಇಲ್ಲವಾದರೆ ಕಿವಿಗೆ ಏನಾದರೂ ಸಿಕ್ಕಿಸಿಕೊಂಡಿದ್ದರು. ತಾನು ಈ ಗಳಿಗೆ ಇಲ್ಲಿ ಕುಸಿದರೆ ಸುತ್ತ ಜನ ಸೇರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಮನೆಯಲ್ಲಿ ಕುಸಿದರೆ? ಅವಳು ಓದಿದ ಎಲ್ಲ ದೇಶಗಳಲ್ಲೂ, ಎಲ್ಲ ಸರ್ಕಾರಗಳಿಗಿಂತ ಮೊದಲು ತಲುಪಿದ್ದು ಪಕ್ಕದ ಮನೆಯವರ ಕೈ. ಅದನ್ನು ಯಾರೂ ಹೋಲಿಕೆಗೆ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಅದು ಎಲ್ಲ ಕಡೆ ಒಂದೇ. ಎಲ್ಲ ಕಡೆ ಒಂದೇ ಅಲ್ಲ ಎಂದು ಗೊತ್ತಿರುವವಳು ತಾನೊಬ್ಬಳೇ. ಕಟ್ಟಡದ ಮೆಟ್ಟಿಲಿಗೆ ಬಂದಾಗ ದರ್ಜಿ ಮೇಲೆ ಹತ್ತುತ್ತಿದ್ದ, ಕೈಯಲ್ಲಿ ಬಟ್ಟೆ ತುಂಬಿದ ಚೀಲ, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಳ್ಳುತ್ತ. ದಾಟಿ ಹೋಗಲು ಜಾಗವಿಲ್ಲ, ತಿರುಗಿ ಹೋಗಲು ಕಾರಣವಿಲ್ಲ. ಅವಳು ಚೀಲಕ್ಕೆ ಕೈ ಹಾಕಿದಳು. ಅವನು ಬಿಟ್ಟುಕೊಟ್ಟ. ಚೀಲದಿಂದ ಹೊಸ ಮರದ ಪಟ್ಟಿಯೊಂದು ಹೊರಗೆ ಚಾಚಿಕೊಂಡು ಪ್ರತಿ ಮೆಟ್ಟಿಲಿಗೂ ಅವಳ ಮೊಣಕೈಗೆ ತಗಲುತ್ತಿತ್ತು.

ಬಾಗಿಲ ಮುಂದೆ ನಿಂತು ಬೀಗದ ಕೈ ಹುಡುಕುತ್ತ ಅವನೇ ಮಾತು ತೆಗೆದ. ನೆಲ ನೋಡುತ್ತ, ತಾನೇ ಏನೋ ತಪ್ಪು ಮಾಡಿದವನ ಹಾಗೆ. ಹಳೇ ಪಟ್ಟಿ ಮುರಿದುಹೋಯಿತು, ಗುರುವಿನ ಕಾಲದ್ದು, ಅಂಥ ಮರ ಈಗೆಲ್ಲಿ, ಇಷ್ಟು ದಿನ ಹುಡುಕಿ ಇವತ್ತು ಇದೊಂದು ಸಿಕ್ಕಿತು, ಎಂದ. ಹೇಗೆ ಮುರಿಯಿತು ಎಂಬುದನ್ನೂ ಅವನೇ ಹೇಳಿದ.

"ಅವತ್ತು ತಟ್ಟಿ ತಟ್ಟಿ ಮುರೀತು. ನೀವು ಆಫೀಸಿಂದ ಬಂದದ್ದು ಕೇಳಿಸಿತ್ತು ನಂಗೆ. ಇಳಿದು ಹೋದದ್ದು ಕೇಳಿಸ್ಲಿಲ್ಲ. ನಿಮ್ಮ ಚಪ್ಪಲಿ ಸದ್ದು ನಂಗೆ ಚೆನ್ನಾಗಿ ಗೊತ್ತು. ಬರ್ಲೇ ಇಲ್ಲ ಅದು. ಒಳಗೇ ಸಿಕ್ಕಿಹಾಕ್ಕೊಂಡಿದೀರಿ ಅಂದ್ಕೊಂಡೆ."

ಅವಳಿಗೆ ಕಾಲ ಕೆಳಗಿನ ನೆಲ ಇನ್ನೊಮ್ಮೆ ಜರುಗಿದ ಹಾಗಾಯಿತು. ಅವನು ಕರೆದದ್ದು ತನ್ನ ಸಲುವಾಗಿ ಅಲ್ಲ. ಮೇಲೆ ಏನೂ ಬಿದ್ದಿರಲಿಲ್ಲ, ಬಾಗಿಲೂ ಚೆನ್ನಾಗಿಯೇ ಇತ್ತು. ಕಟ್ಟಡಕ್ಕೆ ಕಟ್ಟಡವೇ ಖಾಲಿಯಾಗುವಾಗ ಆ ಮುದುಕ ನಡುಗುವ ಗೋಡೆಯ ಮುಂದೆ ನಿಂತು, ಇದ್ದೀಯಾ ತಾಯಿ, ಇದ್ದೀಯಾ, ಎಂದು ಮರ ಮುರಿಯುವವರೆಗೆ ತಟ್ಟಿದ್ದ. ತಟ್ಟಿ, ಉತ್ತರವಿಲ್ಲದೆ, ಆಮೇಲೆ ಅವಳ ಬಾಗಿಲಿಗೂ ಬಂದು ನೋಡಿದನಂತೆ. ಬಾಗಿಲು ತೆರೆದೇ ಇತ್ತಂತೆ, ಮಂಚದ ಪಕ್ಕದಲ್ಲಿ ಚಪ್ಪಲಿ ಇತ್ತಂತೆ. ಸ್ನಾನದ ಮನೆಯಲ್ಲೂ ಇಣುಕಿದೆ, ತಪ್ಪು ತಿಳ್ಕೋಬೇಡಿ, ಎಂದ. ಆಮೇಲೆ ಕೆಳಗೆ ಅಷ್ಟು ಜನದ ನಡುವೆ ನಿಮ್ಮನ್ನು ಕಂಡಾಗ ನನಗೇ ನಾಚಿಕೆಯಾಯಿತು, ಎಂಥ ಪೆದ್ದು ನಾನು ಅಂತ, ಎಂದು ಬೋಳು ತಲೆ ಸವರಿಕೊಂಡ. ಬೀಗ ತೆರೆಯಿತು. ಚೀಲಕ್ಕೆ ಕೈ ಚಾಚಿ, ಅವತ್ತಿನಿಂದೀಚೆಗೆ ಮೊದಲ ಸಲ ಅವಳ ಮುಖ ನೋಡಿದ.

"ನಿಮಗೆ ಕೇಳಿಸ್ಲೇ ಇಲ್ಲ ಅಲ್ವಾ?"

ಅದು ಪ್ರಶ್ನೆಯೇ ಅಲ್ಲ. ಉತ್ತರವನ್ನು ಅವನೇ ಹೊಲಿದು, ಮಡಚಿ, ಅವಳ ಕೈಗೆ ಕೊಟ್ಟಿದ್ದ. ಇಲ್ಲ ಎಂದು ಗೋಣು ಆಡಿಸಿದರೆ ಸಾಕು, ನಾಳೆ ಬೆಳಿಗ್ಗೆ ಹಾಲು ಉಕ್ಕುತ್ತದೆ, ಹೊಸ ಪಟ್ಟಿ ಟಕ್ ಟಕ್ ಎನ್ನುತ್ತದೆ, ಅವಳು ಚಮಚ ಹಿಡಿಯುತ್ತಾಳೆ. ಒಂದು ತಿಂಗಳಿಂದ ಅವಳು ಬಯಸಿದ್ದೆಲ್ಲ ಆ ಚೀಲದಿಂದ ಹೊರಗೆ ಚಾಚಿಕೊಂಡಿತ್ತು.

"ಕೇಳಿಸಿತ್ತು," ಎಂದಳು.

ದರ್ಜಿ ಅವಳನ್ನೇ ನೋಡುತ್ತ ನಿಂತ. ಸಿಟ್ಟಿರಲಿಲ್ಲ. ಅಳತೆ ತಪ್ಪಿದ ಬಟ್ಟೆಯನ್ನು ಎಲ್ಲಿ ತಪ್ಪಿತು ಎಂದು ನೋಡುವವನ ಹಾಗೆ ನೋಡಿದ. ಆಮೇಲೆ, "ಹಾಗಾದ್ರೆ ಗೋಡೆ ಸರಿಯಾಗಿಯೇ ಇದೆ," ಎಂದು ಮೆಲ್ಲಗೆ ಹೇಳಿ, ಚೀಲ ತೆಗೆದುಕೊಂಡು ಒಳಗೆ ಹೋಗಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡ.

ಅವಳು ಒಳಗೆ ಬಂದು ಬಹಳ ಹೊತ್ತು ದೀಪ ಹಾಕಲಿಲ್ಲ. ಹೇಳಬಾರದಿತ್ತು ಎಂದು ಒಂದು ಸಲ ಅನ್ನಿಸಿತು, ಹೇಳದೇ ಇದ್ದಿದ್ದರೆ ಆ ಟಕ್ ಟಕ್ ಇನ್ನು ಜನ್ಮವಿಡೀ ತನ್ನ ತಲೆಯ ಮೇಲೆ ಮೊಟಕಿದ ಹಾಗೆ ಕೇಳಿಸುತ್ತಿತ್ತು ಎಂದೂ ಅನ್ನಿಸಿತು. ಎರಡನ್ನೂ ತೂಗಿ ನೋಡಿದಳು. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ. ಆ ಕಡೆ ಹೊಲಿಗೆ ಯಂತ್ರ ಶುರುವಾಯಿತು. ಯಾರದೋ ಪರದೆಯೋ ಏನೋ, ಉದ್ದನೆಯ ಹೊಲಿಗೆ, ಬಿಡುವಿಲ್ಲದೆ ಓಡುತ್ತಿತ್ತು. ಅವಳು ಎದ್ದು ಫ್ಯಾನು ನಿಲ್ಲಿಸಿದಳು. ಫ್ರಿಜ್ಜಿನ ತಂತಿ ಕಿತ್ತಳು. ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುವಿದಳು. ಆಮೇಲೆ ಬೆಳಗಿನ ಹಾಲನ್ನು ಒಲೆಯ ಮೇಲಿಟ್ಟು, ಕಿಟಕಿಯನ್ನು ಪೂರ್ತಿ ತೆರೆದು, ಈ ಸಲ ಯಾವ ನೆಪವೂ ಇಲ್ಲದೆ, ಮಾನ ಬಿಟ್ಟು, ಗೋಡೆಗೆ ಕಿವಿ ಆನಿಸಿ ನಿಂತಳು. ಗೋಡೆ ತಣ್ಣಗಿತ್ತು. ಯಂತ್ರದ ಓಟ ಅದರೊಳಗಿಂದ ಕೆನ್ನೆಗೆ ಬರುತ್ತಿತ್ತು.

ಹಾಲು ಅಂಚಿನಲ್ಲಿ ಸಣ್ಣಗೆ ಸಿಮಿಸಿಮಿ ಎಂದಿತು. ಕೆನೆ ಉಬ್ಬಿತು. ಅವಳ ಕೈ ಅಭ್ಯಾಸಬಲದಿಂದ ಒಲೆಯ ಕಡೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಹಾಲು ಎದ್ದು, ಒಂದು ಗಳಿಗೆ ಪಾತ್ರೆಯ ಬಾಯಲ್ಲಿ ನಿಂತು, ಉಕ್ಕಿ, ಸುತ್ತ ಇಳಿದು ಬೆಂಕಿಯ ಮೇಲೆ ಸುರಿಯಿತು. ಸೀದ ವಾಸನೆ ಅಡುಗೆಮನೆ ತುಂಬಿ ಕಿಟಕಿಯ ಕಡೆ ತಿರುಗಿತು. ಅವಳು ಚಮಚ ಎತ್ತಿಕೊಂಡು, ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡಳು.

ಆ ಕಡೆ ಯಂತ್ರ ನಿಂತಿತು.